ಹೊಳೆ ಇದೆ, ನೀರಿಲ್ಲ: ಲಾರಪಿಂಟಾ ನಡಿಗೆಗೆ ಹೊರಡುವ ಮುನ್ನ

ಪ್ರಶ್ನೆ: ನಾನು ಹಾಸನದ ಕಡೆಯವಳು. ಒಂಬತ್ತು ವರ್ಷದಿಂದ ಮೆಲ್ಬರ್ನ್‌ನಲ್ಲಿದ್ದೇವೆ. ನನಗೆ 47, ಯಜಮಾನರಿಗೆ 52, ಮಗನಿಗೆ 16. ಊರಲ್ಲಿದ್ದಾಗ ಕುಮಾರಪರ್ವತ ಎರಡು ಸಲ ಹತ್ತಿದ್ದೆ, ಕುದುರೆಮುಖಕ್ಕೂ ಹೋಗಿದ್ದೆ. ಈಗ ಮೂವರೂ ಸೇರಿ ಮಧ್ಯ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಪಕ್ಕದ ಲಾರಪಿಂಟಾ ಟ್ರೇಲ್ ಎಂಬ ಚಾರಣದ ದಾರಿಯನ್ನು ಪೂರ್ತಿ ನಡೆಯಬೇಕು ಅಂತ ಆಸೆ. ಜಗತ್ತಿನ ಅತಿ ಹಳೆಯ ನದಿಯ ಜಾಡು ಅಂತ ಎಲ್ಲೋ ಓದಿದೆ. ನದಿ ಪಕ್ಕದಲ್ಲೇ ಹೋಗುವುದರಿಂದ ನೀರಿಗೆ ತೊಂದರೆ ಇರಲಾರದು ಅಂದುಕೊಂಡಿದ್ದೇನೆ, ಸರಿಯೇ? ನಮಗೆ ಒಟ್ಟಿಗೆ ದೊಡ್ಡ ರಜೆ ಸಿಗುವುದು ಡಿಸೆಂಬರ್‌ನಲ್ಲಿ. ಮರಳುಗಾಡು ಅಂದಮೇಲೆ ದಪ್ಪ ಬಟ್ಟೆ ಬೇಡ ಅಲ್ವಾ? ಹಾವು, ಮೊಸಳೆಗಳ ಭಯವೂ ಇದೆ. ಯಜಮಾನರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ನಾವು ಸಸ್ಯಾಹಾರಿಗಳು, 15 ದಿನದ ಊಟಕ್ಕೆ ಏನು ಮಾಡುವುದು? ಗೈಡ್ ಬೇಕೇ ಬೇಕಾ? ಶೂ ಮಾತ್ರ ಚಿಂತೆಯಿಲ್ಲ. ಬೆಂಗಳೂರಿನಿಂದ ಬರುವಾಗ ತಂದ ಒಳ್ಳೆಯ ಟ್ರೆಕ್ಕಿಂಗ್ ಶೂ ಇದೆ, ಜಾಸ್ತಿ ಹಾಕಿಲ್ಲ, ಹೊಸದರ ಹಾಗೇ ಇದೆ. ‘ಅಷ್ಟು ದೂರ ಹೋಗಿ ಮರಳುಗಾಡಲ್ಲಿ ನಡೆಯೋಕೆ ಹುಚ್ಚಾ?’ ಅಂತ ಅಮ್ಮ ಫೋನಿನಲ್ಲಿ ಬೈಯುತ್ತಲೇ ಇದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ. ಆದರೆ ನನ್ನ ಕಣ್ಣು ನಿಂತದ್ದು ಒಂದೇ ಸಾಲಿನ ಮೇಲೆ. ‘ನದಿ ಪಕ್ಕದಲ್ಲೇ ಹೋಗುವುದರಿಂದ ನೀರಿಗೆ ತೊಂದರೆ ಇರಲಾರದು.’ ಚಾರಣದ ಯೋಜನೆ ಮಾಡಿಕೊಡುವ ಕೆಲಸದಲ್ಲಿ ಈ ಮಾತನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ತಪ್ಪು ನಿಮ್ಮದಲ್ಲ. ಮಲೆನಾಡಿನ ಅಂಚಿನಲ್ಲಿ ಬೆಳೆದವರಿಗೆ ನದಿ ಅಂದರೆ ನೀರೇ. ‘ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ’ ಅಂತ ಗಾದೆಯನ್ನೇ ಮಾಡಿಕೊಂಡವರು ನಾವು. ಲಾರಪಿಂಟಾದಲ್ಲಿ ದೊಣೆನಾಯಕನೂ ಇಲ್ಲ, ಹೊಳೆಯಲ್ಲಿ ನೀರೂ ಇಲ್ಲ.

ಮೊದಲು ಜಾಗವನ್ನು ಸರಿಯಾಗಿ ಕಣ್ಣಮುಂದೆ ತಂದುಕೊಳ್ಳೋಣ. ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ವೆಸ್ಟ್ ಮ್ಯಾಕ್‌ಡೊನೆಲ್ ಬೆಟ್ಟಸಾಲು ಹೋಗುತ್ತದೆ. ಅಲ್ಲಿನ ಮೂಲನಿವಾಸಿ ಅರೆರ್ಂಟೆ ಜನರ ಬಾಯಲ್ಲಿ ಅದು ಜೊರಿಟ್ಜಾ. ಟ್ರೇಲ್ ಸಾಗುವುದು ಈ ಬೆಟ್ಟಸಾಲಿನ ಉದ್ದಕ್ಕೆ, ಪೂರ್ವದಿಂದ ಪಶ್ಚಿಮಕ್ಕೆ. ಆಲಿಸ್ ಸ್ಪ್ರಿಂಗ್ಸ್‌ನ ಹಳೆಯ ಟೆಲಿಗ್ರಾಫ್ ಸ್ಟೇಷನ್ನಿನಲ್ಲಿ ಶುರು, 1,380 ಮೀಟರ್ ಎತ್ತರದ ಮೌಂಟ್ ಸಾಂಡರ್‌ನಲ್ಲಿ ಕೊನೆ. ಹಳೆಯ ಪುಸ್ತಕಗಳಲ್ಲಿ 223 ಕಿ.ಮೀ. ಅಂತಿರುತ್ತದೆ, ಈಗ ಸುಮಾರು 230 ಅನ್ನುತ್ತಾರೆ. ಒಟ್ಟು 12 ವಿಭಾಗಗಳು. ಇಡೀ ದಾರಿ ಸಿದ್ಧವಾದದ್ದು 2002ರಲ್ಲಿ.

ನದಿ ಹರಿಯುವ ದಿಕ್ಕೇ ಬೇರೆ. ಅರೆರ್ಂಟೆ ಭಾಷೆಯಲ್ಲಿ ಲಾರಪಿಂಟಾ ಅಂದರೆ ಫಿಂಕ್ ನದಿ. 1860ರಲ್ಲಿ ಆ ದಾರಿಯಲ್ಲಿ ಬಂದ ಅನ್ವೇಷಕ ಜಾನ್ ಮ್ಯಾಕ್‌ಡೌಆಲ್ ಸ್ಟುವರ್ಟ್, ಅಡಿಲೇಡಿನಲ್ಲಿದ್ದ ತನ್ನ ಯಾತ್ರೆಗಳಿಗೆ ನೆರವಾದವರೊಬ್ಬರ ಹೆಸರನ್ನು ಅದಕ್ಕೆ ಇಟ್ಟ. ಅದು ಬೆಟ್ಟಸಾಲನ್ನು ಅಡ್ಡಲಾಗಿ ಸೀಳಿಕೊಂಡು ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ಹೆಸರು ಅದರದ್ದಾದರೂ ಟ್ರೇಲ್ ಆ ನದಿಯನ್ನು ದಾಟುವುದು ಪಶ್ಚಿಮದ ತುದಿಗೆ, 10ನೇ ವಿಭಾಗ ಮುಗಿಯುವಲ್ಲಿ. ಅದಕ್ಕೂ ಮೊದಲು ಸಿಗುವ ಹ್ಯೂ, ಎಲ್ಲರಿ ಹಳ್ಳಗಳು ಕೆಳಗೆ ಹೋಗಿ ಫಿಂಕ್‌ಗೇ ಸೇರುವಂಥವು. ಅವೂ ಹೀಗೇ ಬೆಟ್ಟ ಸೀಳಿ ಬಂದವು. ಅಂದರೆ ನೀವು ನದಿಯ ಪಕ್ಕ ನಡೆಯುವುದಿಲ್ಲ. ಒಂದೊಂದೇ ಒಣ ಹಳ್ಳವನ್ನು ದಾಟುತ್ತಾ ಹೋಗುತ್ತೀರಿ.

‘ಲ್ಹೆರೆ ಪಿರ್ಂಟೆ’ ಎಂಬುದು ಈ ಹೆಸರಿನ ಮೂಲ ರೂಪ. ‘ಲ್ಹೆರೆ’ ಅಂದರೆ ನದಿ. ‘ಪಿರ್ಂಟೆ’ ಅಂದರೆ ಉಪ್ಪು ಅಂತಲೂ ನೀರಿನ ಊಟೆ ಅಂತಲೂ ಅರ್ಥ ಹೇಳುತ್ತಾರೆ. ನದಿಯ ಗುಣ ಎರಡಕ್ಕೂ ಒಪ್ಪುತ್ತದೆ. ಮಳೆ ಬಂದಾಗ ಒಂದಷ್ಟು ದಿನ ಹರಿಯುತ್ತದೆ. ಆಮೇಲೆ ಅಲ್ಲಲ್ಲಿ ಮಡುಗಳು ಉಳಿಯುತ್ತವೆ. ಬಿಸಿಲಿಗೆ ಮಡು ಬತ್ತುತ್ತಾ ಬಂದಂತೆ ಎಷ್ಟೋ ಕಡೆ ನೀರು ಉಪ್ಪಾಗುತ್ತದೆ. ಉಳಿದ ನೀರು ಮರಳಿನ ಅಡಿಗೆ ಇಳಿಯುತ್ತದೆ. ಪಾತ್ರದಲ್ಲಿ ದೊಡ್ಡ ದೊಡ್ಡ ರಿವರ್ ರೆಡ್ ಗಮ್ ಮರಗಳು ಹಸಿರಾಗಿ ನಿಂತಿರುವುದು ಅದಕ್ಕೇ. ಅವುಗಳ ಬೇರಿಗೆ ನೀರು ಸಿಗುತ್ತದೆ, ನಮ್ಮ ಬಾಟಲಿಗೆ ಸಿಗುವುದಿಲ್ಲ. ಬಯಲುಸೀಮೆಯಲ್ಲಿ ಬೇಸಿಗೆಯಲ್ಲಿ ಹೊಳೆ ಮರಳು ತೋಡಿ ಒರತೆ ತೆಗೆಯುತ್ತಾರಲ್ಲ, ಹಾಗೆ ಮಾಡಬಹುದಲ್ಲ ಅಂತ ಒಬ್ಬರು ನನ್ನನ್ನು ಕೇಳಿದ್ದರು. ಎಲ್ಲಿ, ಎಷ್ಟು ಆಳ ಅಂತ ತಲೆಮಾರುಗಳಿಂದ ಗೊತ್ತಿರುವ ಅಲ್ಲಿನ ಜನರ ಮಾತು ಬೇರೆ. ಹೊರಗಿನವರು ಆ ಲೆಕ್ಕದಲ್ಲಿ ಹೊರಡಬಾರದು.

ಮೊದಲ ಸಲ ಹೋದಾಗ ನಾನೂ ಇಲ್ಲೇ ಎಡವಿದೆ. ನಕ್ಷೆಯಲ್ಲಿ ಹ್ಯೂ ಕಮರಿಯ ಒಳಗೆ ಮಡು ಅಂತ ಗುರುತಿತ್ತು. ಟ್ಯಾಂಕಿನಲ್ಲಿ ಬಾಟಲಿ ತುಂಬಿಸುವಾಗ ‘ಹೇಗೂ ಮುಂದೆ ನೀರಿದೆ, ಯಾಕೆ ಹೊರಬೇಕು’ ಅಂತ ಎರಡೇ ಲೀಟರ್ ತೆಗೆದುಕೊಂಡೆ. ಹೋಗಿ ನೋಡಿದರೆ ಮಂಡಿಯಷ್ಟು ಅಗಲದ ಹಸಿರು ಕೊಚ್ಚೆ, ಮೇಲೆ ತೇಲುವ ಯಾವುದೋ ಪ್ರಾಣಿಯ ಕೂದಲು. ಆ ರಾತ್ರಿ ಅರ್ಧ ಲೀಟರ್ ನೀರನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗಿದೆ. ನಕ್ಷೆಯ ನೀಲಿ ಗೆರೆಯನ್ನು ಆಮೇಲೆ ನಾನು ನಂಬಿಲ್ಲ.

ಹಾಗಾದರೆ ಕುಡಿಯುವುದು ಏನನ್ನು? ವಿಭಾಗಗಳು ಶುರುವಾಗುವ ಜಾಗಗಳಲ್ಲಿ ರಾಷ್ಟ್ರೀಯ ಉದ್ಯಾನವನದ ಇಲಾಖೆಯವರು ನೀರಿನ ಟ್ಯಾಂಕ್ ಇಟ್ಟಿದ್ದಾರೆ. ಒಂದರಿಂದ ಇನ್ನೊಂದಕ್ಕೆ ಹೆಚ್ಚೆಂದರೆ ಎರಡು ದಿನದ ನಡಿಗೆ. ನಿಮ್ಮ ಇಡೀ ಯೋಜನೆ ಈ ಟ್ಯಾಂಕುಗಳ ಲೆಕ್ಕದ ಮೇಲೆ ನಿಲ್ಲಬೇಕು. ಆ ನೀರನ್ನೂ ಮಾತ್ರೆ ಹಾಕಿಯೋ ಫಿಲ್ಟರ್ ಮಾಡಿಯೋ ಕುದಿಸಿಯೋ ಕುಡಿಯಿರಿ. ಟ್ಯಾಂಕಿನಲ್ಲಿ ನೀರು ಇದ್ದೇ ಇರುತ್ತದೆ ಅಂತ ಇಲಾಖೆಯೂ ಗ್ಯಾರಂಟಿ ಕೊಡುವುದಿಲ್ಲ. ಹೊರಡುವ ವಾರ ಅವರ ಸೂಚನೆಗಳನ್ನು ನೋಡಿ, ದಾರಿಯಲ್ಲಿ ಎದುರಿನಿಂದ ಬರುವವರನ್ನೂ ಕೇಳಿ.

ಎಷ್ಟು ನೀರು ಹೊರಬೇಕು ಅನ್ನುವುದು ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತದೆ. ಚಳಿಗಾಲದಲ್ಲಿ ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡುಗೆಗೆ ಸೇರಿ ಮೂರೂವರೆಯಿಂದ ನಾಲ್ಕು ಲೀಟರ್ ಅಂತ ನಾನು ಹಿಡಿಯುತ್ತೇನೆ. ಹೆಚ್ಚಿನ ದಿನಗಳಲ್ಲಿ ಸಂಜೆಗೆ ಟ್ಯಾಂಕ್ ಸಿಗುತ್ತದೆ, ತೊಂದರೆಯಿಲ್ಲ. ಕಷ್ಟ ಬರುವುದು 9ನೇ ವಿಭಾಗದಲ್ಲಿ. ಸರ್ಪೆಂಟೈನ್ ಶಲೇ ಡ್ಯಾಮ್‌ನಿಂದ ಆರ್ಮಿಸ್ಟನ್ ಕಮರಿಗೆ 28.6 ಕಿ.ಮೀ., ನಡುವೆ ಟ್ಯಾಂಕ್ ಇಲ್ಲ, ದಾರಿ ಬೆಟ್ಟದ ನೆತ್ತಿಯ ಮೇಲೆ. ನಿಮ್ಮಂಥ ಕುಟುಂಬ ಅದನ್ನು ಎರಡು ದಿನದಲ್ಲಿ ನಡೆಯಬೇಕು, ನಡುವಿನ ರಾತ್ರಿ ನೀರಿಲ್ಲದ ಜಾಗದಲ್ಲಿ ಮಲಗಬೇಕು. ಒಬ್ಬರಿಗೆ ಏಳು ಲೀಟರ್, ಅಂದರೆ ಏಳು ಕೆ.ಜಿ. ಟೆಂಟು, ಊಟ, ಬಟ್ಟೆಯ ಮೇಲೆ ಇದೊಂದು ಭಾರ. ಮೂವರಿಗೆ 21 ಲೀಟರ್. ಮನೆಯಲ್ಲೇ ಒಂದು ಸಲ ಬ್ಯಾಗಿಗೆ ಏಳು ಲೀಟರ್ ತುಂಬಿ ಅರ್ಧ ಗಂಟೆ ಮೆಟ್ಟಿಲು ಹತ್ತಿ ನೋಡಿ. ಅಲ್ಲಿ ಆಗುವ ತೀರ್ಮಾನ ನನ್ನ ಸಲಹೆಗಿಂತ ಪಕ್ಕಾ.

ಈ ನೀರಿನ ಲೆಕ್ಕ ಹಿಡಿದರೆ ಡಿಸೆಂಬರ್ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ. ಡಿಸೆಂಬರ್ ಬೇಡ. ಇದರಲ್ಲಿ ‘ಆದರೆ’ ಅನ್ನುವ ಮಾತೇ ಇಲ್ಲ. ಆಗ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಸರಾಸರಿ ಹಗಲಿನ ಉಷ್ಣತೆಯೇ 35 ಡಿಗ್ರಿ ಸೆಲ್ಸಿಯಸ್, 40 ದಾಟುವ ದಿನಗಳೂ ಬರುತ್ತವೆ. ರಾಯಚೂರಿನಲ್ಲಿ 42 ಡಿಗ್ರಿ ಇರಲ್ವಾ, ಜನ ಬದುಕಲ್ವಾ ಅಂತ ನೀವು ಕೇಳಬಹುದು. ರಾಯಚೂರಿನಲ್ಲಿ ಮಧ್ಯಾಹ್ನ ಜನ ಮನೆಯೊಳಗಿರುತ್ತಾರೆ, ಬೆನ್ನಿಗೆ 16 ಕೆ.ಜಿ. ಕಟ್ಟಿಕೊಂಡು ಕಾದ ಕಲ್ಲಿನ ಮೇಲೆ ಹತ್ತುವುದಿಲ್ಲ. ಆ ಬಿಸಿಲಿನಲ್ಲಿ ಭಾರ ಹೊತ್ತು ನಡೆದರೆ ಗಂಟೆಗೆ ಒಂದು ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ಬೆವರು ಹೋಗುತ್ತದೆ. ಗಾಳಿ ಒಣ ಇರುವುದರಿಂದ ಬೆವರು ಅಲ್ಲೇ ಆರಿಬಿಡುತ್ತದೆ, ಅಂಗಿ ಒದ್ದೆಯಾಗುವುದೂ ಇಲ್ಲ. ಕರಾವಳಿಯ ಸೆಖೆ ಗೊತ್ತಿರುವವರು ‘ನನಗೇನೂ ಬೆವರುತ್ತಿಲ್ಲ’ ಅಂದುಕೊಂಡು ಮೋಸ ಹೋಗುವುದು ಇಲ್ಲೇ. ದಿನಕ್ಕೆ ಹತ್ತು ಲೀಟರ್ ಅಂತ ಹಿಡಿದರೆ 9ನೇ ವಿಭಾಗಕ್ಕೆ ಒಬ್ಬರು 20 ಕೆ.ಜಿ. ನೀರನ್ನೇ ಹೊರಬೇಕು. ಅಷ್ಟು ಭಾರ ಹೊತ್ತರೆ ಇನ್ನಷ್ಟು ಬೆವರು. ಈ ಲೆಕ್ಕ ಎಲ್ಲೂ ಕೂಡಿಬರುವುದಿಲ್ಲ. ಮಧ್ಯ ಆಸ್ಟ್ರೇಲಿಯಾದ ಬೇಸಿಗೆಯಲ್ಲಿ ಸಣ್ಣ ನಡಿಗೆಗೆ ಹೋದವರೇ ದಾರಿ ತಪ್ಪಿ ಜೀವ ಕಳೆದುಕೊಂಡಿದ್ದಾರೆ.

ನಡೆಯುವ ಕಾಲ ಅಂದರೆ ಮೇ ತಿಂಗಳಿಂದ ಆಗಸ್ಟ್. ಏಪ್ರಿಲ್ ಕೊನೆಗೆ, ಸೆಪ್ಟೆಂಬರ್ ಶುರುವಿನಲ್ಲೂ ಆಗಬಹುದು, ಆದರೆ ಸೆಪ್ಟೆಂಬರ್ ಮುಗಿಯುತ್ತಾ ಬಿಸಿಲು ಏರುತ್ತದೆ. ನಿಮ್ಮ ಮಗನಿಗೆ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಎರಡು ವಾರ ಶಾಲೆಯ ಚಳಿಗಾಲದ ರಜೆ ಇರುತ್ತದೆ. ಶನಿವಾರ, ಭಾನುವಾರ ಸೇರಿದರೆ 16 ದಿನ. ನೀವಿಬ್ಬರೂ ಆಫೀಸಿನಲ್ಲಿ ಈಗಲೇ ಮಾತಾಡಿ ಆ 16 ದಿನ ರಜೆ ಹೊಂದಿಸಿಕೊಳ್ಳಿ.

ಈಗ ದಪ್ಪ ಬಟ್ಟೆ. ಬೇಕು, ಅದೂ ಮೆಲ್ಬರ್ನ್‌ಗಿಂತ ಜಾಸ್ತಿ ಬೇಕು. ಜುಲೈನಲ್ಲಿ ಅಲ್ಲಿ ಹಗಲು ಹಿತವಾಗಿ 20 ಡಿಗ್ರಿ ಇದ್ದರೆ, ರಾತ್ರಿಯ ಸರಾಸರಿ ನಾಲ್ಕರ ಹತ್ತಿರ. ಸೊನ್ನೆಯ ಕೆಳಗೆ ಇಳಿಯುವ ರಾತ್ರಿಗಳೂ ಬರುತ್ತವೆ, ಬೆಳಿಗ್ಗೆ ಬಾಟಲಿಯ ಬಾಯಲ್ಲಿ ಮಂಜುಗಡ್ಡೆ ಕಟ್ಟಿರುತ್ತದೆ. ಕಾರಣ ಸುಲಭ. ಮೋಡ, ತೇವ ಇದ್ದರೆ ಅವು ಕಂಬಳಿಯ ಹಾಗೆ ನೆಲದ ಬಿಸಿಯನ್ನು ಹಿಡಿದಿಡುತ್ತವೆ. ಮರಳುಗಾಡಿನ ಆಕಾಶಕ್ಕೆ ಆ ಕಂಬಳಿ ಇಲ್ಲ, ಹಗಲು ಕಾದದ್ದೆಲ್ಲ ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ. ಇನ್ನೊಂದು ವಿಷಯ ಇದೆ. ತಣ್ಣನೆ ಗಾಳಿ ಭಾರ, ಅದು ನೀರಿನ ಹಾಗೆಯೇ ತಗ್ಗಿಗೆ ಹರಿಯುತ್ತದೆ. ಹಾಗಾಗಿ ಹಳ್ಳದ ಪಾತ್ರ ಬೆಟ್ಟದ ಮಗ್ಗುಲಿಗಿಂತ ಕೊರೆಯುತ್ತದೆ. ಮೆತ್ತನೆ ಮರಳು ಕಂಡು ಅಲ್ಲೇ ಟೆಂಟ್ ಹಾಕುವ ಆಸೆ ಆಗುತ್ತದೆ. ಚಳಿಯ ಮಾತು ಹಾಗಿರಲಿ, ಎಲ್ಲೋ ಮೇಲೆ ಮಳೆ ಬಿದ್ದರೆ ಇಲ್ಲಿ ಮೋಡವಿಲ್ಲದೆ ಹೊಳೆ ಬರಬಹುದು. ಪಾತ್ರ ಬಿಟ್ಟು ಎತ್ತರದ ದಂಡೆಯಲ್ಲಿ ಮಲಗಿ. ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ‘ಕಂಫರ್ಟ್’ ಅಂತ ಬರೆದಿರುವ ಅಂಕಿ ನೋಡಿ, ಮೈನಸ್ 5 ಇದ್ದರೆ ಒಳ್ಳೆಯದು. ‘ಲಿಮಿಟ್’ ಅಂಕಿ ನೋಡಿ ಕೊಂಡರೆ ರಾತ್ರಿಯೆಲ್ಲ ಕೂತೇ ಕಳೆಯುತ್ತೀರಿ.

ಕಮರಿಗಳಲ್ಲಿ ನೀರಿರುವ ಮಡುಗಳು ಕೆಲವು ಸಿಗುತ್ತವೆ. ಎಲ್ಲರಿ, ಆರ್ಮಿಸ್ಟನ್ ಅಂಥವು. ಬಿಸಿಲು ಬೀಳದ ಆಳದ ನೀರು, ಇಳಿದವರ ಉಸಿರು ಹಿಡಿಯುವಷ್ಟು ತಣ್ಣಗಿರುತ್ತದೆ. ಮಗ ಹಾರಲು ಹೊರಟರೆ ಮೊದಲು ಕಾಲು ಇಳಿಸಿ ನೋಡು ಅನ್ನಿ. ಮೈಗೆ ಹಚ್ಚಿದ ಸನ್‌ಸ್ಕ್ರೀನ್, ಸೋಪು ಆ ನೀರಿಗೆ ಸೇರಬಾರದು. ಸುತ್ತಲಿನ ಪ್ರಾಣಿಗಳಿಗೆ ಕುಡಿಯಲು ಇರುವುದು ಅದೊಂದೇ.

ಅತಿ ಹಳೆಯ ನದಿ ಅನ್ನುವ ಮಾತು ನಿಜವೇ? ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ನಡಿಗೆಯ ರುಚಿಯೇ ಬೇರೆ. ಪ್ರಾಯವಾದದ್ದು ನೀರಿಗಲ್ಲ, ಮರಳಿಗೂ ಅಲ್ಲ, ನದಿಯ ಜಾಡಿಗೆ. ನೀವು ತುಳಿಯುವ ಕೆಂಪು ಕಲ್ಲು 80 ಕೋಟಿ ವರ್ಷಗಳ ಹಿಂದಿನ ಆಳವಿಲ್ಲದ ಕಡಲಿನ ಮರಳು. ಗಟ್ಟಿಯಾಗಿ ಬೆಣಚುಕಲ್ಲಿನ ಜಾತಿಗೆ ಸೇರಿದೆ. ಕೆಲವು ಹಾಸುಗಲ್ಲುಗಳ ಮೇಲೆ ಆ ಕಡಲಿನ ಅಲೆ ಬಿಟ್ಟ ಗೆರೆಗಳು ಈಗಲೂ ಕಾಣುತ್ತವೆ, ಮಲ್ಪೆ ಕಡಲಿನಲ್ಲಿ ನೀರು ಇಳಿದಾಗ ಮರಳಿನ ಮೇಲೆ ಕಾಣುವ ಹಾಗೆಯೇ. ಸುಮಾರು 45ರಿಂದ 30 ಕೋಟಿ ವರ್ಷಗಳ ಹಿಂದೆ ನೆಲ ಮಡಚಿಕೊಂಡು ಮೇಲೆದ್ದು ಬೆಟ್ಟವಾಯಿತು.

ಈಗ ನದಿಯ ನಡೆ ನೋಡಿ. ಎದುರಿಗೆ ಬೆಟ್ಟ ಇದ್ದರೆ ನದಿ ಸುತ್ತಿ ಹೋಗಬೇಕು. ಫಿಂಕ್ ಮತ್ತು ಅದರ ಸಂಗಡಿಗರು ಗಟ್ಟಿ ಕಲ್ಲನ್ನು ಅಡ್ಡಡ್ಡ ಸೀಳಿಕೊಂಡು ಹೋಗಿವೆ. ಕೆಳಗೆ ಹೋದರೆ ಇನ್ನೂ ವಿಚಿತ್ರ. ಸಮತಟ್ಟು ಬಯಲಿನ ಸೋಮಾರಿ ಹೊಳೆ ಹಾವಿನ ಹಾಗೆ ಸುತ್ತುತ್ತದಲ್ಲ, ಅಂಥ ಸುತ್ತುಗಳನ್ನೇ ಫಿಂಕ್ ಆಳವಾದ ಕಲ್ಲಿನ ಕಮರಿಯೊಳಗೆ ಕೊರೆದಿದೆ. ಅಂದರೆ ಆ ಸುತ್ತು ಬಿದ್ದಾಗ ಅಲ್ಲಿ ಈ ಕಮರಿ ಇರಲಿಲ್ಲ, ಬಯಲಿತ್ತು. ಆಮೇಲೆ ನೆಲ ಏರುತ್ತಾ ಬಂದಂತೆ ನದಿ ಇದ್ದ ಜಾಡಿನಲ್ಲೇ ಕೆಳಕ್ಕೆ ಕೊರೆಯುತ್ತಾ ಹೋಯಿತು. ಇದನ್ನೆಲ್ಲ ನೋಡಿ ಜಾಡಿನ ಕೆಲವು ಭಾಗಗಳಿಗೆ 30 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು ಹೇಳುವುದುಂಟು. ಜಗತ್ತಿನಲ್ಲೇ ಮೊದಲನೆಯದು ಅನ್ನುವ ಪಟ್ಟ ಮಾತ್ರ ಇನ್ನೂ ಜಗಳದಲ್ಲಿದೆ. ಯೂರೋಪಿನ ಮ್ಯೂಸ್, ಅಮೆರಿಕದ ನ್ಯೂ ರಿವರ್ ಕೂಡ ಸಾಲಿನಲ್ಲಿವೆ. ಹೆಸರು ‘ಹೊಸ ನದಿ’, ವಯಸ್ಸು ನೋಡಿದರೆ ಮುತ್ತಜ್ಜಿ!

ಇದೇ ನದಿಯ ಕೆಳಭಾಗದಲ್ಲಿ ಪಾಮ್ ವ್ಯಾಲಿ ಇದೆ. ಮರಳುಗಾಡಿನ ನಡುವೆ ತಾಳೆ ಜಾತಿಯ ಮರಗಳ ಗುಂಪು. ಹಳೆಯ ಕಾಲದ ಮಳೆಕಾಡಿನ ಉಳಿಕೆ ಅಂತಲೇ ಎಲ್ಲರೂ ನಂಬಿದ್ದರು. 2012ರಲ್ಲಿ ಬಂದ ವಂಶವಾಹಿ ಅಧ್ಯಯನ ನೋಡಿದರೆ ಅವು ಉತ್ತರದಿಂದ ಬಂದು ಸುಮಾರು 15,000 ವರ್ಷ ಅಷ್ಟೇ. ಬೀಜವನ್ನು ಉತ್ತರದಿಂದ ತಂದರು ಅನ್ನುವ ಮೂಲನಿವಾಸಿಗಳ ಕಥೆಯೊಂದನ್ನು 1894ರಲ್ಲೇ ಜರ್ಮನ್ ಪಾದ್ರಿಯೊಬ್ಬರು ಬರೆದಿಟ್ಟಿದ್ದರು. ಅದು ಟ್ರೇಲಿನ ಮೇಲಿಲ್ಲ, ಹೋಗಲು ಫೋರ್‌ವೀಲ್ ಡ್ರೈವ್ ಬೇಕು. ನಡಿಗೆ ಮುಗಿದ ಮೇಲೆ ಒಂದು ದಿನ ಉಳಿದರೆ ತಪ್ಪಿಸಿಕೊಳ್ಳಬೇಡಿ.

ಮೊಸಳೆ ಇಲ್ಲ. ಅವು ನೂರಾರು ಕಿ.ಮೀ. ಉತ್ತರದ ಬಿಸಿ ನದಿಗಳಲ್ಲಿವೆ. ಹಾವುಗಳಿವೆ, ವಿಷದವೂ ಇವೆ, ಆದರೆ ಜುಲೈ ಚಳಿಗೆ ಹೆಚ್ಚು ಓಡಾಡುವುದಿಲ್ಲ. ಒಂದು ಮಾತು ಮಾತ್ರ ಮನೆಯವರೆಲ್ಲ ಕಲಿತಿರಬೇಕು. ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿದು ಕಟ್ಟುವುದು, ಬ್ಲೇಡಿನಲ್ಲಿ ಕುಯ್ಯುವುದು, ಹೀರುವುದು ಯಾವುದೂ ಬೇಡ. ಆಸ್ಟ್ರೇಲಿಯಾದಲ್ಲಿ ಹೇಳಿಕೊಡುವುದು ಹೀಗೆ: ಜಾಗ ತೊಳೆಯಬೇಡಿ, ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಇಡೀ ಕೈಗೆ ಅಥವಾ ಕಾಲಿಗೆ ಬಿಗಿಯಾಗಿ ಸುತ್ತಿ, ಕೋಲು ಕಟ್ಟಿ ಅಲುಗಾಡದ ಹಾಗೆ ಮಾಡಿ, ಕಚ್ಚಿಸಿಕೊಂಡವರನ್ನು ನಡೆಸದೆ ಅಲ್ಲೇ ಮಲಗಿಸಿ, ಸಹಾಯ ಕರೆಯಿರಿ. ಅಲ್ಲಿನ ಹಾವುಗಳ ವಿಷ ಹೆಚ್ಚಾಗಿ ದುಗ್ಧರಸದ ನಾಳಗಳಲ್ಲಿ ಸಾಗುತ್ತದೆ, ಸ್ನಾಯು ಅಲುಗಿದಷ್ಟೂ ಬೇಗ ಹೋಗುತ್ತದೆ. ಅದಕ್ಕೆ ಈ ಕ್ರಮ. ಇಂಥ ಬ್ಯಾಂಡೇಜ್ ಎರಡು ಇಟ್ಟುಕೊಳ್ಳಿ.

ನಿಜ ಹೇಳಬೇಕೆಂದರೆ ಹಾವಿಗಿಂತ ನಿಮಗೆ ಕಾಟ ಕೊಡುವುದು ಡಿಂಗೋ ನಾಯಿ ಮತ್ತು ಇಲಿ. ರಾತ್ರಿ ಹೊರಗೆ ಬಿಟ್ಟ ಶೂವನ್ನು ಡಿಂಗೋ ಕಚ್ಚಿಕೊಂಡು ಹೋದ ಕಥೆಗಳು ಅಲ್ಲಿ ಮಾಮೂಲು. ಚಪ್ಪಲಿ, ಊಟ ಎಲ್ಲ ಟೆಂಟಿನೊಳಗೆ.

ಸಹಾಯ ಕರೆಯುವುದು ಹೇಗೆ? ಫೋನನ್ನು ನಂಬಬೇಡಿ. ಕೆಲವು ಬೆಟ್ಟದ ನೆತ್ತಿಗಳಲ್ಲಿ ಸಿಗ್ನಲ್ ಬಂದರೂ ಕಮರಿಗಳಲ್ಲಿ ಇರುವುದಿಲ್ಲ. ಉಪಗ್ರಹದ ಮೂಲಕ ಕೆಲಸ ಮಾಡುವ ಪಿಎಲ್‌ಬಿ ಎಂಬ ಸಣ್ಣ ತುರ್ತು ಸಾಧನ ಬಾಡಿಗೆಗೂ ಸಿಗುತ್ತದೆ. ಅದು ಕಡ್ಡಾಯ ಅಂತಲೇ ತಿಳಿಯಿರಿ. ದಿನವೂ ‘ಚೆನ್ನಾಗಿದ್ದೇವೆ’ ಅಂತ ಅಮ್ಮನಿಗೆ ಒಂದು ಸಾಲು ಕಳಿಸಬೇಕಾದರೆ ಸಂದೇಶ ಕಳಿಸುವ ಉಪಗ್ರಹ ಸಾಧನ ಬೇರೆಯೇ ಇದೆ, ಅದಕ್ಕೆ ತಿಂಗಳ ಚಂದಾ ಕೊಡಬೇಕು. ಆದರೆ ಸಂದೇಶ ಒಂದು ದಿನ ತಡವಾದರೆ ಗಾಬರಿ ಬೇಡ ಅಂತ ಅವರಿಗೆ ಮೊದಲೇ ಹೇಳಿಡಿ. ಬ್ಯಾಟರಿ ಮುಗಿದದ್ದಕ್ಕೆ ಊರಲ್ಲೆಲ್ಲ ಅಳು ಎದ್ದದ್ದನ್ನು ನಾನು ನೋಡಿದ್ದೇನೆ.

ಯಜಮಾನರ ಬಿಪಿ ಬಗ್ಗೆ. ಬಿಪಿ ಇದ್ದವರು ನಡೆಯಬಾರದು ಅಂತೇನಿಲ್ಲ. ಹತೋಟಿಯಲ್ಲಿದ್ದು ಅಭ್ಯಾಸವಿದ್ದರೆ ಎಷ್ಟೋ ಜನ ನಡೆಯುತ್ತಾರೆ. ಕೇಳಬೇಕಾದ ಪ್ರಶ್ನೆ ಮಾತ್ರೆಯದ್ದು. ಕೆಲವು ಬಿಪಿ ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ, ಇನ್ನು ಕೆಲವು ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ಹೊರೆಯಾಗಬಹುದು. ‘ದಿನಕ್ಕೆ ಏಳು ಗಂಟೆ, ಒಣ ಹವೆಯಲ್ಲಿ, ಭಾರ ಹೊತ್ತು ನಡೆಯುತ್ತೇನೆ’ ಅಂತ ವೈದ್ಯರಿಗೆ ಬಿಡಿಸಿ ಹೇಳಿ. ಸುಮ್ನೆ ‘ಟ್ರೆಕ್ಕಿಂಗ್’ ಅಂದರೆ ಅವರು ಭಾನುವಾರದ ವಾಕಿಂಗ್ ಅಂದುಕೊಂಡಾರು. ಮಾತ್ರೆಯನ್ನು ತಾವೇ ನಿಲ್ಲಿಸುವುದು, ಕಡಿಮೆ ಮಾಡುವುದು ಬೇಡ.

ಊಟದ ಬಗ್ಗೆ ನೀವು ಚಿಂತೆ ಮಾಡಿದ್ದೀರಿ, ನಾನು ಮಾಡುವುದಿಲ್ಲ. ಈ ದಾರಿಗೆ ನಮ್ಮ ಅಡುಗೆಮನೆಗಿಂತ ಒಳ್ಳೆಯ ಅಂಗಡಿ ಇಲ್ಲ. ನೋಡಬೇಕಾದದ್ದು ಎರಡೇ, ಬೇಯಿಸಲು ಎಷ್ಟು ಗ್ಯಾಸ್, ಎಷ್ಟು ನೀರು. ಅನ್ನ, ಬೇಳೆ ಎರಡನ್ನೂ ಕುಡಿಯುತ್ತವೆ, ಪಾತ್ರೆ ತೊಳೆಯಲು ಮತ್ತೆ ನೀರು. ಹುರಿಹಿಟ್ಟಿಗೆ ಬೆಂಕಿಯೇ ಬೇಡ. ಗೊಜ್ಜವಲಕ್ಕಿಯನ್ನು ಪುಡಿ ಮಾಡಿ ಕಲಸಿ ತಂದರೆ ಒಂದು ಲೋಟ ನೀರು ಸಾಕು. 9ನೇ ವಿಭಾಗದ ಆ ನೀರಿಲ್ಲದ ರಾತ್ರಿಗೆ ನಾನು ಪ್ರತಿ ಸಲ ಒಯ್ಯುವುದು ಅದನ್ನೇ. ಹುರಿದ ರವೆ ಒಗ್ಗರಣೆ ಸಮೇತ ಇದ್ದರೆ ಉಪ್ಪಿಟ್ಟು ಹತ್ತು ನಿಮಿಷ. ಚಟ್ನಿಪುಡಿ, ಶೇಂಗಾ ಚಿಕ್ಕಿ, ಕೊಬ್ಬರಿ, ಬೆಲ್ಲ. ಖಡಕ್ ರೊಟ್ಟಿ ಬ್ಯಾಗಿನಲ್ಲಿ ಪುಡಿಯಾಗುತ್ತದೆ, ಆದರೂ ರುಚಿ ಹೋಗುವುದಿಲ್ಲ. ಉಪ್ಪು, ಸಕ್ಕರೆ ಬೆರೆಸಿದ ಓಆರ್‌ಎಸ್ ದಿನಕ್ಕೊಂದು ಪೊಟ್ಟಣ. ಬರೀ ನೀರನ್ನೇ ಗಟಗಟ ಕುಡಿಯುತ್ತಾ ಹೋದರೂ ಮೈಯ ಉಪ್ಪು ತೆಳ್ಳಗಾಗಿ ತಲೆ ಸುತ್ತುತ್ತದೆ.

ಎಲ್ಲವನ್ನೂ ಮೊದಲ ದಿನದಿಂದ ಹೊರಬೇಕಿಲ್ಲ. ಸ್ಟ್ಯಾಂಡ್ಲಿ ಕಮರಿ, ಎಲ್ಲರಿ, ಆರ್ಮಿಸ್ಟನ್‌ನಲ್ಲಿ ಊಟದ ಡಬ್ಬ ಮೊದಲೇ ಇಟ್ಟು ಹೋಗಬಹುದು. ನೀವೇ ಗಾಡಿಯಲ್ಲಿ ಇಟ್ಟು ಬರಬಹುದು, ದುಡ್ಡು ಕೊಟ್ಟರೆ ಇಟ್ಟು ಬರುವವರೂ ಇದ್ದಾರೆ. ಬಿಗಿ ಮುಚ್ಚಳದ ಗಟ್ಟಿ ಡಬ್ಬವೇ ಇರಲಿ, ತೆಳು ಪ್ಲಾಸ್ಟಿಕ್ ಇಲಿಗೆ ಒಂದು ರಾತ್ರಿಯ ಕೆಲಸ. ಡಬ್ಬದ ಮೇಲೆ ಹೆಸರು, ತಾರೀಕು ಬರೆಯಿರಿ. ಗ್ಯಾಸ್ ಕ್ಯಾನ್ ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಕೊಳ್ಳಿ. ಸೌದೆ ಒಲೆ ಹಚ್ಚುವ ಯೋಚನೆ ಬೇಡ.

ಇನ್ನು ಪೂರ್ತಿ ನಡೆಯುವುದಾ, ಗೈಡ್ ಬೇಕಾ ಅನ್ನುವುದು. ಪೂರ್ತಿಗೆ 14ರಿಂದ 16 ದಿನ ಹಿಡಿಯುತ್ತದೆ. ನಿಮ್ಮ ರಜೆಯೇ 16 ದಿನ. ವಿಮಾನ, ಡಬ್ಬ ಇಡುವುದು, ಮರಳುವುದು ಕಳೆದರೆ ಒಂದು ದಿನವೂ ಉಳಿಯುವುದಿಲ್ಲ. ಕೈಯಲ್ಲಿ ದಿನ ಉಳಿಯದವರು ಉಳುಕಿದ ಕಾಲಿನಲ್ಲೇ ನಡೆಯುತ್ತಾರೆ, ಹೆಚ್ಚಿನ ಅನಾಹುತ ಶುರುವಾಗುವುದು ಅಲ್ಲೇ. ಸಾಲದ್ದಕ್ಕೆ 3, 4, 5ನೇ ವಿಭಾಗಗಳು ಕಲ್ಲಿನ ಮೇಲೆ ಕೈ ಊರಿ ಇಳಿಯುವ ದಾರಿ, ಅದೂ ಮೊದಲ ವಾರದಲ್ಲೇ, ಮೈ ಹೊಂದಿಕೊಳ್ಳುವ ಮುಂಚೆ. ಕುಮಾರಪರ್ವತ ಹತ್ತಿದ ಅನುಭವ ಸಣ್ಣದಲ್ಲ, ಆದರೆ ಅದು ಎರಡು ದಿನದ್ದು. ಇಲ್ಲಿ ಒಂದು ದಿನವೂ ಅಷ್ಟು ಕಡಿದಾಗಿಲ್ಲ, ಆದರೆ ಮರುದಿನ ಮತ್ತೆ ಏಳಬೇಕು, ಅದರ ಮರುದಿನವೂ.

ಗಾಡಿಯ ಬೆಂಬಲವಿರುವ ಗೈಡ್ ಪ್ರವಾಸಗಳಿವೆ. ಭಾರ ಹೊರಬೇಕಿಲ್ಲ, ನೀರಿನ ಚಿಂತೆ ಇಲ್ಲ, ರಾತ್ರಿ ಬಿಸಿ ಊಟ. ಖರ್ಚು ಜಾಸ್ತಿ, ಗುಂಪಿನ ವೇಗಕ್ಕೆ ನಡೆಯಬೇಕು, ನಿಮಗೆ ಬೇಕಾದ ಕಡೆ ಕೂರುವ ಹಾಗಿಲ್ಲ. ಯಜಮಾನರ ವೈದ್ಯರು ಸ್ವಲ್ಪ ಅನುಮಾನಿಸಿದರೆ ಇದೇ ಸರಿ. ಅಷ್ಟೂ ಬೇಡವೆಂದರೆ ಆರ್ಮಿಸ್ಟನ್‌ನಲ್ಲಿ ಟೆಂಟ್ ಹಾಕಿ, ಬಾಡಿಗೆ ಕಾರಿನಲ್ಲಿ ಓಡಾಡಿ ದಿನಕ್ಕೊಂದು ನಡಿಗೆ ಮಾಡಬಹುದು. ಅದರಲ್ಲಿ ಅಪಾಯ ಕಡಿಮೆ, ಮಗನಿಗೆ ಮಾತ್ರ ಬೇಜಾರಾದೀತು.

ನಿಮಗೆ ನಾನು ಹೇಳುವುದು ಪಶ್ಚಿಮದ ಅರ್ಧ, ಗೈಡ್ ಇಲ್ಲದೆ. ಎಲ್ಲರಿ ಹಳ್ಳದಿಂದ ಮೌಂಟ್ ಸಾಂಡರ್‌ವರೆಗೆ, ಸಾಂಡರ್ ಹತ್ತಿ ಇಳಿಯುವುದೂ ಸೇರಿ ಸುಮಾರು 107 ಕಿ.ಮೀ. ದಾರಿಯ ಗುರುತುಗಳು ಚೆನ್ನಾಗಿವೆ. ನಾಲ್ಕು ದಿನದ ಊಟ ಹೊತ್ತು ಹೊರಡಿ. 9ನೇ ವಿಭಾಗ ಮುಗಿಸಿ ಆರ್ಮಿಸ್ಟನ್‌ನಲ್ಲಿ ಡಬ್ಬ ತೆಗೆದುಕೊಂಡು ಒಂದು ದಿನ ಪೂರ್ತಿ ಮಲಗಿ. ಆಮೇಲೆ ಫಿಂಕ್ ದಾಟಲು ಒಂದು ದಿನ, ರೆಡ್‌ಬ್ಯಾಂಕ್ ಕಮರಿಗೆ ಎರಡು ದಿನ, ಕೊನೆಗೆ ಸಾಂಡರ್. ಒಟ್ಟು ಒಂಬತ್ತು ದಿನ. ಮೂರ್ನಾಲ್ಕು ದಿನ ಕೈಯಲ್ಲಿ ಉಳಿಯುತ್ತದೆ. ನೀವು ನೋಡಬೇಕೆಂದ ಹಳೆಯ ನದಿಯೂ ಇದೇ ಅರ್ಧದಲ್ಲಿದೆ. ಇದರ ಅಪಾಯ ಅಂದರೆ 9ನೇ ವಿಭಾಗವೇ, ಅದೂ ಬ್ಯಾಗ್ ಇನ್ನೂ ಭಾರ ಇರುವಾಗ ಬರುತ್ತದೆ. ಬ್ಯಾಗು ಹೊತ್ತು ಎರಡು ದಿನದ ನಡಿಗೆಯನ್ನು ನಿಮ್ಮ ಹತ್ತಿರದ ಬೆಟ್ಟಗಳಲ್ಲಿ ಮೂರು ಸಲವಾದರೂ ಮಾಡಿರದಿದ್ದರೆ ಹೊರಡಬೇಡಿ. ರೆಡ್‌ಬ್ಯಾಂಕ್‌ನಿಂದ ಆಲಿಸ್ ಸ್ಪ್ರಿಂಗ್ಸ್ ಊರಿಗೆ ಸುಮಾರು 150 ಕಿ.ಮೀ., ಕೊನೆಯ ತುಂಡು ಮಣ್ಣಿನ ದಾರಿ. ಬಸ್ಸಿಲ್ಲ, ಗಾಡಿ ಮೊದಲೇ ಬುಕ್ ಮಾಡಬೇಕು. ಟ್ರೇಲಿಗೆ ಶುಲ್ಕ, ರಾತ್ರಿ ತಂಗುವ ಬುಕಿಂಗ್ ಇದೆ. ಹೊರರಾಜ್ಯದವರಿಗೆ 2023ರಿಂದ ಪಾರ್ಕ್ಸ್ ಪಾಸ್ ಬೇರೆ ಬೇಕು. ಜುಲೈ ರಜೆಗೆ ಜನ ಜಾಸ್ತಿ, ತಡ ಮಾಡಬೇಡಿ. ಬೆಂಕಿ ಬಿದ್ದರೆ ವಿಭಾಗಗಳನ್ನು ಮುಚ್ಚುತ್ತಾರೆ, ಹೊರಡುವ ದಿನದವರೆಗೂ ಸೂಚನೆ ನೋಡುತ್ತಿರಿ.

ಒಂದು ಚಿಕ್ಕ ವಿಷಯ. ಅಲ್ಲಿ ಜುಲೈ ಮಧ್ಯಾಹ್ನ ಸೂರ್ಯ ಉತ್ತರದಲ್ಲಿರುತ್ತಾನೆ. ಊರಲ್ಲಿ ಚಳಿಗಾಲದ ಬಿಸಿಲು ದಕ್ಷಿಣದಿಂದ ಬೀಳುವುದನ್ನು ನೋಡಿ ಬೆಳೆದ ನಮಗೆ ಸುಸ್ತಾದಾಗ ದಿಕ್ಕು ತಲೆಕೆಳಗಾಗುತ್ತದೆ. ನೀವು ಪಶ್ಚಿಮಕ್ಕೆ ನಡೆಯುವಾಗ ಬಿಸಿಲು ಬಲಗೆನ್ನೆಗೆ ಬೀಳಬೇಕು. ಎಡಗೆನ್ನೆಗೆ ಬಿದ್ದರೆ ನಿಂತು ನಕ್ಷೆ ತೆಗೆಯಿರಿ. ದಾರಿ ಬಿಟ್ಟು ಅಡ್ಡ ಹತ್ತುವುದು ಹೇಗೂ ಬೇಡ. ಆ ಬೆಟ್ಟ, ಮಡುಗಳಲ್ಲಿ ಎಷ್ಟೋ ಜಾಗ ಅರೆರ್ಂಟೆ ಜನರಿಗೆ ಪವಿತ್ರ, ಬೋರ್ಡ್ ಇಲ್ಲದ ಕಡೆಯೂ.

ಕೊನೆಗೆ, ಚಿಂತೆಯಿಲ್ಲ ಅಂದಿರಲ್ಲ, ಆ ಶೂ. ನನಗೆ ನಿಮ್ಮ ಪತ್ರದಲ್ಲಿ ಎರಡನೇ ಭಯ ಆದದ್ದು ಅದನ್ನು ಓದಿಯೇ. ಎಷ್ಟೋ ಟ್ರೆಕ್ಕಿಂಗ್ ಶೂಗಳ ಅಟ್ಟೆಯ ಮಧ್ಯದ ಪದರ ಪಾಲಿಯುರೆಥೇನ್‌ನದ್ದು. ಅದು ಗಾಳಿಯ ತೇವಕ್ಕೆ ವರ್ಷಗಳಲ್ಲಿ ಒಳಗೊಳಗೇ ಹಾಳಾಗುತ್ತದೆ, ಹಾಕದೆ ಬೀರುವಿನಲ್ಲಿಟ್ಟರೂ ಆಗುತ್ತದೆ. ಹೊರಗಿನಿಂದ ಹೊಸದರ ಹಾಗೇ ಕಾಣುತ್ತದೆ. ನನ್ನ ಜೊತೆ ಬಂದವರೊಬ್ಬರ ‘ಹೊಸ’ ಶೂವಿನ ಅಟ್ಟೆ ಎರಡನೇ ದಿನ ಬೆಳಿಗ್ಗೆ ಬಾಯಿ ಬಿಟ್ಟಿತು, ಮಧ್ಯಾಹ್ನಕ್ಕೆ ಪುಡಿಪುಡಿ. ಟೆಂಟಿನ ಹಗ್ಗ ಸುತ್ತಿಕೊಂಡು 14 ಕಿ.ಮೀ. ನಡೆದರು. ಅಲ್ಲಿನ ಕಲ್ಲು ಮೊದಲೇ ಗಾಜಿನ ಚೂರಿನಂತೆ ಹರಿತ. ನಿಮ್ಮ ಶೂವಿಗೆ ಕಡಿಮೆಯೆಂದರೆ ಒಂಬತ್ತು ವರ್ಷ ಆಯಿತು. ಈ ಶನಿವಾರವೇ ಅದನ್ನು ತೆಗೆದು, ಅಟ್ಟೆಯ ಪಕ್ಕವನ್ನು ಹೆಬ್ಬೆರಳಿನ ಉಗುರಿನಲ್ಲಿ ಒತ್ತಿ ನೋಡಿ. ಪುಡಿ ಉದುರಿದರೆ ಅಲ್ಲಿಗೆ ಮುಗಿಯಿತು. ಉದುರದಿದ್ದರೂ ಮನೆ ಸುತ್ತಮುತ್ತ ನಡೆಯಲು ಇಟ್ಟುಕೊಳ್ಳಿ, ಲಾರಪಿಂಟಾಕ್ಕೆ ಹೊಸದು ಕೊಂಡು ಎರಡು ತಿಂಗಳು ಹಾಕಿ ಪಳಗಿಸಿ.